ಆಗಸದ ಸ್ಪರ್ಧೆಗೆ ನೆಲದ ಲೆಕ್ಕಪತ್ರ

ಬೆಂಗಳೂರಿನ ದಕ್ಷಿಣ ಅಂಚಿನಲ್ಲಿರುವ ಅಂಜನಾಪುರದಿಂದ ಕನಕಪುರ ರಸ್ತೆ ಹಿಡಿದು ಹೊರಟರೆ ಸ್ವಲ್ಪ ದೂರದಲ್ಲೇ ರಾಗಿಯ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪು ಮತ್ತು ಕಲ್ಲುಬೆಟ್ಟಗಳ ಸೀಮೆ ಆರಂಭವಾಗುತ್ತದೆ. 2021ರ ಜನವರಿಯಲ್ಲಿ ಮೆಟ್ರೋ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ವಿಸ್ತರಣೆಗೊಂಡ ಬಳಿಕ ಈ ಸೀಮೆಯು ನಗರದ ಪ್ರವಾಸಿಗೆ ಮತ್ತಷ್ಟು ಸಮೀಪವಾಗಿದೆ. ಇಂತಹ ಗ್ರಾಮಾಂತರದಲ್ಲಿ ಹ್ಯಾಂಗ್ ಗ್ಲೈಡಿಂಗ್ ಸ್ಪರ್ಧೆಯೊಂದನ್ನು ಏಕೆ ಏರ್ಪಡಿಸಬಾರದು ಎಂಬ ಪ್ರಶ್ನೆ ಸಾಹಸ ಪ್ರವಾಸೋದ್ಯಮದ ಚರ್ಚೆಗಳಲ್ಲಿ ಏಳುವುದು ಸಹಜ. ವಿಮಾನ ತಯಾರಿಕೆಯ ನಗರವೆಂದು ಹೆಸರಾದ ಬೆಂಗಳೂರಿಗೆ ಅದು ಶೋಭೆ ತರುವ ಸಂಗತಿಯೇ ಸರಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದೊಡನೆ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದೆ. ಆದರೆ ಎಂಜಿನ್ ಇಲ್ಲದೆ ಹಾರುವ ಕ್ರೀಡೆಗೆ ನಮ್ಮಲ್ಲಿ ತಕ್ಕ ಸ್ಥಾನ ದೊರೆತಿಲ್ಲ.

ಇಂತಹ ಸ್ಪರ್ಧೆಗೆ ವಾಣಿಜ್ಯ ವಲಯವು ಬೆಂಬಲ ನೀಡಬೇಕೆಂಬುದೇ ಈ ಲೇಖಕನ ಅಭಿಪ್ರಾಯ. ಆದರೆ ಒಂದು ಷರತ್ತಿದೆ. ನಮ್ಮಲ್ಲಿ ಉತ್ಸವಗಳ ಯೋಜನೆಯು ಸಾಮಾನ್ಯವಾಗಿ ಪ್ರಾಯೋಜಕರಿಂದ ಆರಂಭವಾಗಿ, ಜಾಹೀರಾತು, ಉದ್ಘಾಟನೆ, ಬಹುಮಾನಗಳನ್ನು ದಾಟಿ, ಕಟ್ಟಕಡೆಗೆ ಜಮೀನಿನ ಒಡೆಯನ ಬಳಿಗೆ ಬರುತ್ತದೆ. ಈ ಕ್ರೀಡೆಯಲ್ಲಿ ಆ ಕ್ರಮವನ್ನು ತಿರುಗುಮುರುಗು ಮಾಡದ ಹೊರತು ಎರಡನೆಯ ವರ್ಷದ ಸ್ಪರ್ಧೆ ನಡೆಯಲಾರದು.

ಕ್ರೀಡೆಯ ಸ್ವರೂಪ

ಹ್ಯಾಂಗ್ ಗ್ಲೈಡಿಂಗ್ ಮತ್ತು ಪ್ಯಾರಾಗ್ಲೈಡಿಂಗ್ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪ್ಯಾರಾಗ್ಲೈಡರ್ ಎಂಬುದು ಬಟ್ಟೆಯ ರೆಕ್ಕೆ. ಮಡಚಿ ಬೆನ್ನಚೀಲದಲ್ಲಿ ಹೊತ್ತೊಯ್ಯಬಹುದು. ಹ್ಯಾಂಗ್ ಗ್ಲೈಡರಿಗೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಉಕ್ಕಿನ ತಂತಿಗಳು ಹಾಗೂ ಪಾಲಿಯೆಸ್ಟರ್ ಹಾಯಿ ಇರುತ್ತವೆ. ಇದರ ತೂಕ ಸುಮಾರು 30 ಕಿಲೋ. ರೆಕ್ಕೆಯ ಹರವು ಸುಮಾರು 10 ಮೀಟರ್. ಮಡಚಿದಾಗಲೂ ಐದಾರು ಮೀಟರ್ ಉದ್ದದ ಹೊರೆ. ಅದನ್ನು ಸಾಗಿಸಲು ಮೇಲ್ಛಾವಣಿಗೆ ಕಟ್ಟಬಲ್ಲ ವಾಹನ, ಜೋಡಿಸಲು ವಿಶಾಲ ಬಯಲು, ಇರಿಸಲು ಉಗ್ರಾಣ ಬೇಕು. ಯೋಜನೆಯ ವೆಚ್ಚವು ಇಲ್ಲಿಂದಲೇ ಬೇರೆಯಾಗುತ್ತದೆ.

ಸ್ಪರ್ಧೆಯ ರೀತಿಯೂ ತಿಳಿದಿರಬೇಕು. ಒಂದು ಮೈದಾನದಲ್ಲಿ ಹಾರಿ ಅದೇ ಮೈದಾನದಲ್ಲಿ ಇಳಿಯುವ ಆಟ ಇದಲ್ಲ. ಆಯಾ ದಿನದ ಗಾಳಿಯನ್ನು ನೋಡಿ ಸಂಘಟಕರು ಒಂದು ಮಾರ್ಗವನ್ನು ನಿಗದಿಪಡಿಸುತ್ತಾರೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬಗಳನ್ನು ಹಿಡಿದು ಸ್ಪರ್ಧಿಗಳು ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರ್ ಸಾಗುತ್ತಾರೆ. ಉಪಗ್ರಹ ಸಂಕೇತದ ಉಪಕರಣವು ಅವರ ದಾರಿಯನ್ನು ದಾಖಲಿಸುತ್ತದೆ. 2012ರಲ್ಲಿ ಅಮೆರಿಕದ ಟೆಕ್ಸಾಸಿನ ಜಪಾಟಾ ಎಂಬ ಸಣ್ಣ ಊರಿನಿಂದ ಹೊರಟ ಡಸ್ಟಿನ್ ಮಾರ್ಟಿನ್ ಒಂದೇ ಹಾರಾಟದಲ್ಲಿ 764 ಕಿ.ಮೀ. ಕ್ರಮಿಸಿದ್ದು ದಾಖಲೆಯಾಯಿತು. ಗುರಿ ಮುಟ್ಟದವರು ದಾರಿಯಲ್ಲಿ ಸಿಕ್ಕಿದ ಬಯಲಿನಲ್ಲಿ ಇಳಿಯುತ್ತಾರೆ. ಆ ಬಯಲು ಯಾರದೋ ಒಬ್ಬ ರೈತನ ಜಮೀನು. ಸ್ಪರ್ಧೆಯ ನಿಜವಾದ ಕ್ರೀಡಾಂಗಣವು ಸಂಘಟಕರ ಸ್ವಾಧೀನದಲ್ಲಿಲ್ಲ ಎಂಬ ಈ ಒಂದು ಸಂಗತಿಯನ್ನು ಯೋಜಕರು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು.

ನೀತಿ ಮತ್ತು ನಿರೀಕ್ಷೆ

ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿಯನ್ನು ಪ್ರಕಟಿಸಿತು. ಹ್ಯಾಂಗ್ ಗ್ಲೈಡಿಂಗ್ ಸೇರಿದಂತೆ ಹಲವು ಕ್ರೀಡೆಗಳು ಅದರ ವ್ಯಾಪ್ತಿಯಲ್ಲಿವೆ. ಭಾರತೀಯ ವಾಯುಕ್ರೀಡಾ ಒಕ್ಕೂಟವು ಶಿಖರ ಸಂಸ್ಥೆ. ಅದರ ಕೆಳಗೆ ಪ್ರತಿ ಕ್ರೀಡೆಗೂ ರಾಷ್ಟ್ರೀಯ ಸಂಘ, ರಾಜ್ಯ ಮಟ್ಟದ ಸಂಘ, ಜಿಲ್ಲಾ ಮಟ್ಟದ ಸಂಘ ಎಂಬ ನಾಲ್ಕು ಹಂತಗಳ ವ್ಯವಸ್ಥೆಯನ್ನು ನೀತಿಯು ಕಲ್ಪಿಸಿದೆ. ದೇಶದಲ್ಲಿ ಆಗ ಸುಮಾರು 5,000 ಮಂದಿ ವಾಯುಕ್ರೀಡಾಳುಗಳಿದ್ದು, ವಾರ್ಷಿಕ ವರಮಾನ ₹80ರಿಂದ 100 ಕೋಟಿ ಎಂದು ನೀತಿಯು ಅಂದಾಜಿಸಿತ್ತು. ಅದನ್ನು ₹8,000ದಿಂದ 10,000 ಕೋಟಿಗೆ ಏರಿಸಿ ಒಂದು ಲಕ್ಷಕ್ಕೂ ಹೆಚ್ಚು ನೇರ ಉದ್ಯೋಗ ಸೃಷ್ಟಿಸಬಹುದೆಂಬ ಗುರಿಯನ್ನೂ ಮುಂದಿಟ್ಟಿತು.

ನೂರು ಪಟ್ಟು ವೃದ್ಧಿಯ ಈ ಗುರಿ ಆಕರ್ಷಕವಾದುದೇ. ಆದರೆ ಯಾವ ಸದಸ್ಯರೂ ತಮ್ಮ ಉದ್ಯಮದಲ್ಲಿ ನೂರು ಪಟ್ಟು ವೃದ್ಧಿಯ ಅಂದಾಜನ್ನು ಬ್ಯಾಂಕಿಗೆ ಕೊಟ್ಟು ಸಾಲ ಪಡೆಯಲಾರರು. ಗುರಿಯನ್ನು ಗುರಿಯೆಂದೂ ಲೆಕ್ಕವನ್ನು ಲೆಕ್ಕವೆಂದೂ ಬೇರೆ ಬೇರೆಯಾಗಿ ಇರಿಸಿಕೊಳ್ಳುವುದು ಲೇಸು.

ಎರಡು ಊರುಗಳ ಅನುಭವ

ನಮ್ಮ ದೇಶದಲ್ಲಿ ಈ ದಾರಿಯಲ್ಲಿ ಮುಂದೆ ಸಾಗಿರುವ ಊರು ಹಿಮಾಚಲ ಪ್ರದೇಶದ ಕಾಂಗ್ಡಾ ಜಿಲ್ಲೆಯ ಬೀರ್. ಮೇಲಿನ ಬಿಲ್ಲಿಂಗ್ ಎಂಬಲ್ಲಿ ಸುಮಾರು 2,400 ಮೀಟರ್ ಎತ್ತರದಿಂದ ಹಾರಿ ಕೆಳಗಿನ ಬೀರ್ ಗ್ರಾಮದ ಬಯಲಿನಲ್ಲಿ ಇಳಿಯುತ್ತಾರೆ. ಭಾರತದ ಮೊದಲ ಪ್ಯಾರಾಗ್ಲೈಡಿಂಗ್ ವಿಶ್ವಕಪ್ 2015ರ ಅಕ್ಟೋಬರ್‌ನಲ್ಲಿ ಇಲ್ಲಿ ನಡೆಯಿತು. 2024ರ ನವೆಂಬರ್‌ನಲ್ಲಿ ವಿಶ್ವಕಪ್ ಮತ್ತೆ ಬಂದಿತು. ಆ ರಾಜ್ಯವು 2004ರಲ್ಲೇ ವಾಯುಕ್ರೀಡೆಗೆ ಪ್ರತ್ಯೇಕ ನಿಯಮಗಳನ್ನು ರೂಪಿಸಿಕೊಂಡಿತ್ತು. ಮಳೆಗಾಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟವನ್ನು ನಿಷೇಧಿಸುತ್ತದೆ. ಇಷ್ಟೆಲ್ಲ ಇದ್ದೂ 2024ರ ಅಕ್ಟೋಬರ್ ಅಂತ್ಯದಲ್ಲಿ, ವಿಶ್ವಕಪ್ಪಿಗೆ ಕೆಲವೇ ದಿನಗಳಿರುವಾಗ, ಬೆಲ್ಜಿಯಂ ದೇಶದ ಹಾರಾಟಗಾರರೊಬ್ಬರು ಆಕಾಶದಲ್ಲಿ ಮತ್ತೊಬ್ಬರಿಗೆ ಡಿಕ್ಕಿಯಾಗಿ ಮೃತಪಟ್ಟರು. ನಿಯಮಗಳು ಅಪಾಯವನ್ನು ತಗ್ಗಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಅಂದಮೇಲೆ ನಿಯಮಗಳೇ ಇಲ್ಲದ ಕಡೆ ಉತ್ಸಾಹವನ್ನೇ ಬಂಡವಾಳವಾಗಿಸಿಕೊಂಡು ಹೊರಡುವುದು ವಿವೇಕವಲ್ಲ.

ಎರಡನೆಯ ಊರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಫೋರ್ಬ್ಸ್. ಗೋಧಿ ಬೆಳೆಯುವ, ಕುರಿ ಸಾಕುವ ಸಮತಟ್ಟು ಸೀಮೆ. ಅಲ್ಲಿ ಹಾರಲು ಬೆಟ್ಟವೇ ಬೇಡ. ಹಗುರ ವಿಮಾನವು ಗ್ಲೈಡರನ್ನು ಹಗ್ಗದಿಂದ ಎಳೆದು ಮೇಲೇರಿಸಿ ಬಿಡುತ್ತದೆ. 2013ರ ಜನವರಿಯಲ್ಲಿ ಹ್ಯಾಂಗ್ ಗ್ಲೈಡಿಂಗ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಆ ಕೃಷಿಕರ ಊರಿನಲ್ಲಿ. ಬಯಲುಸೀಮೆಯ ನಮಗೆ ಹಿಮಾಲಯಕ್ಕಿಂತ ಈ ಊರಿನ ಮಾದರಿಯೇ ಹೆಚ್ಚು ಹೊಂದುತ್ತದೆ.

ಸ್ಥಳದ ಆಯ್ಕೆ

ಅಂಜನಾಪುರದ ಆಸುಪಾಸಿನ ಬೆಟ್ಟಗಳನ್ನು ನೋಡಿದೊಡನೆ ಹಾರಲು ತಾಣ ಸಿಕ್ಕಿತೆಂದು ಭಾವಿಸುವಂತಿಲ್ಲ. ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಗಿದೆ. ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುವ, ಅಳಿವಿನ ಅಂಚಿನಲ್ಲಿರುವ ಆ ಹಕ್ಕಿಗಳೂ ಹಾರುವುದು ಅದೇ ಬಿಸಿಗಾಳಿಯ ಕಂಬಗಳನ್ನು ನೆಚ್ಚಿ. ಅಲ್ಲಿ ಸ್ಪರ್ಧೆಯ ಮಾತೆತ್ತುವುದೇ ಸಲ್ಲದು. ಸಾವನದುರ್ಗವು ಅರಣ್ಯದೊಳಗಿನ ಏಕಶಿಲಾ ಬೆಟ್ಟ. ಬನ್ನೇರುಘಟ್ಟವು ರಾಷ್ಟ್ರೀಯ ಉದ್ಯಾನ. ಬೆಟ್ಟಗಳು ಹೀಗೆ ಒಂದೊಂದಾಗಿ ಪಟ್ಟಿಯಿಂದ ಹೊರಗುಳಿದರೆ ಉಳಿಯುವುದು ಬಯಲಿನಿಂದ ಎಳೆದು ಹಾರಿಸುವ ಕ್ರಮ ಮಾತ್ರ.

ಅದಕ್ಕೂ ಆಕಾಶ ತೆರವಿರಬೇಕು. ಬೆಂಗಳೂರಿನ ಮೇಲಿನ ವಾಯುಪ್ರದೇಶದಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಎಚ್‌ಎಎಲ್ ನಿಲ್ದಾಣ, ಯಲಹಂಕದ ವಾಯುನೆಲೆ, ಜಕ್ಕೂರು ಇವೆಲ್ಲವುಗಳ ಸಂಚಾರವಿದೆ. ಜೊತೆಗೆ ನಗರದ ಎರಡನೆಯ ವಿಮಾನ ನಿಲ್ದಾಣಕ್ಕಾಗಿ 2025ರಲ್ಲಿ ಸರ್ಕಾರವು ಮುಂದಿಟ್ಟ ಮೂರು ಜಾಗಗಳಲ್ಲಿ ಚೂಡಹಳ್ಳಿ ಮತ್ತು ಸೋಮನಹಳ್ಳಿ ಎಂಬ ಎರಡು ಜಾಗಗಳು ಇದೇ ಕನಕಪುರ ರಸ್ತೆಯಲ್ಲಿವೆ. ವಿಮಾನ ನಿಲ್ದಾಣ ಎಲ್ಲಿಗೇ ಬರಲಿ, ಹತ್ತು ವರ್ಷಗಳ ದೃಷ್ಟಿಯಿಂದ ಈ ರಸ್ತೆಯ ಅಂಚಿನಲ್ಲಿ ಶಾಶ್ವತ ಹಾರಾಟ ಕೇಂದ್ರಕ್ಕೆ ಬಂಡವಾಳ ಹೂಡುವವರು ಇದನ್ನು ಅರಿತೇ ಹೂಡಬೇಕು.

ಆದುದರಿಂದ ಹಾರಾಟವು ನಗರದಿಂದ ದೂರದ ಬಯಲು ಜಿಲ್ಲೆಗಳಲ್ಲಿಯೂ, ಅದರ ಸಿದ್ಧತೆ, ದುರಸ್ತಿ, ಸಾಗಾಟ, ತರಬೇತಿಯ ವ್ಯವಹಾರಗಳು ದಕ್ಷಿಣ ಬೆಂಗಳೂರಿನಲ್ಲಿಯೂ ನೆಲೆಗೊಳ್ಳುವುದು ಯುಕ್ತವೆಂದು ತೋರುತ್ತದೆ. ಗ್ಲೈಡರಿನ ಹಾಯಿ ಎಂದರೆ ನಿಖರವಾದ ಹೊಲಿಗೆ. ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಆ ಕೈಚಳಕಕ್ಕೆ ಕೊರತೆಯಿಲ್ಲ. ಕೊಳವೆ, ತಂತಿ, ಕೊಂಡಿಗಳ ಕೆಲಸಕ್ಕೆ ನಮ್ಮ ಸಣ್ಣ ಕೈಗಾರಿಕೆಗಳು ಸಾಕು. ಆದರೆ ಜರ್ಮನಿಯ ಡಿಎಚ್‌ವಿ ಅಥವಾ ಅಮೆರಿಕದ ಎಚ್‌ಜಿಎಂಎ ಮಾದರಿಯ ಪರೀಕ್ಷೆ, ಪ್ರಮಾಣೀಕರಣವಿಲ್ಲದ ಒಂದು ತಿರುಪುಮೊಳೆಯನ್ನೂ ಹಾರುವ ಯಂತ್ರಕ್ಕೆ ಮಾರತಕ್ಕದ್ದಲ್ಲ.

ಅಂದಾಜು ಪಟ್ಟಿ

ಈಗ ಅಂಕಿಗಳಿಗೆ ಬರೋಣ. ಕೆಳಗಿನ ಮೊತ್ತಗಳು ಕೇವಲ ಕಲ್ಪಿತ. ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಕೊಟ್ಟವು. 60 ಸ್ಪರ್ಧಿಗಳು, ತಲಾ ಒಬ್ಬ ಸಂಗಡಿಗ, 10 ದಿನಗಳ ವಾಸ್ತವ್ಯ, ಒಬ್ಬರಿಗೆ ದಿನಕ್ಕೆ ₹3,000 ವೆಚ್ಚ ಎಂದಿಟ್ಟುಕೊಂಡರೆ ಸ್ಥಳೀಯವಾಗಿ ಖರ್ಚಾಗುವ ಹಣ ₹36 ಲಕ್ಷ. ಒಂದು ಹೋಬಳಿಯ ವಸತಿಗೃಹ, ಖಾನಾವಳಿ, ಬಾಡಿಗೆ ವಾಹನಗಳಿಗೆ ಇದು ಒಳ್ಳೆಯ ವರಮಾನ. ಆದರೆ ಕೋಟಿಗಳ ಮಾತನ್ನು ಸಮರ್ಥಿಸುವಷ್ಟು ದೊಡ್ಡದಲ್ಲ.

ಇನ್ನು ಖರ್ಚಿನ ಕಡೆ ನೋಡೋಣ. ಎಳೆಯುವ ವಿಮಾನಗಳು, ವೈದ್ಯಕೀಯ ತಂಡ, ಹವಾಮಾನ ತಜ್ಞರು, ವಿಮೆ, ರೇಡಿಯೋ ಸಂಪರ್ಕ ಇವು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಇಳಿದವರನ್ನು ಕರೆತರುವ ವಾಹನಗಳೂ ಇರುತ್ತವೆ: ನಾಲ್ವರಿಗೆ ಒಂದರಂತೆ 15 ವಾಹನಗಳು. ಎಲ್ಲರೂ ಮರೆಯುವ ಬಾಬು ಒಂದಿದೆ. 60 ಮಂದಿ 7 ದಿನ ಹಾರಿದರೆ 420 ಇಳಿತಗಳು. ಹತ್ತರಲ್ಲಿ ಒಂದು ಇಳಿತ ನಿಂತ ಪೈರಿನ ಮೇಲಾದರೂ 42 ಬೆಳೆಹಾನಿ ಪ್ರಕರಣಗಳು. ಒಂದಕ್ಕೆ ₹5,000 ಎಂದರೂ ಒಟ್ಟು ₹2 ಲಕ್ಷದ 10 ಸಾವಿರ. ಒಟ್ಟಾರೆ ವ್ಯವಹಾರಕ್ಕೆ ಹೋಲಿಸಿದರೆ ಇದು ತೀರ ಚಿಕ್ಕ ಮೊತ್ತ. ಆದರೆ ಮರುವರ್ಷ ಸ್ಪರ್ಧೆ ನಡೆಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಈ ಚಿಕ್ಕ ಮೊತ್ತವೇ.

ಹಾರಾಟಗಾರನೊಬ್ಬ ಇಳಿದರೆ ಒಂದೆರಡು ಗುಂಟೆ ಪೈರು ತುಳಿತಕ್ಕೆ ಸಿಕ್ಕಬಹುದು. ಆತನನ್ನು ನೋಡಲು ಓಡಿಬರುವ ಜನ, ಕರೆದೊಯ್ಯಲು ಬದುವಿನ ಮೇಲೆ ನುಗ್ಗುವ ವಾಹನ ಇವುಗಳಿಂದಾಗುವ ನಷ್ಟವೇ ಹೆಚ್ಚು. ಹಿಪ್ಪುನೇರಳೆ ತೋಟ ಹಾಳಾದರೆ ಸೊಪ್ಪಿನೊಡನೆ ಮನೆಯಲ್ಲಿ ಹಣ್ಣಾಗುತ್ತಿರುವ ಹುಳುವಿನ ಮೇವಿಗೂ ಸಂಚಕಾರ. ರೇಷ್ಮೆಯ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈತನ ಒಪ್ಪಿಗೆಯಿಲ್ಲದೆ, ಪರಿಹಾರದ ಏರ್ಪಾಡಿಲ್ಲದೆ ಆತನ ಹೊಲವನ್ನು ಕ್ರೀಡಾಂಗಣವೆಂದು ಜಗತ್ತಿಗೆ ಸಾರುವುದು ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದಂತೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮೊದಲನೆಯದಾಗಿ, ರಾಗಿಯ ಕಟಾವು ಮುಗಿದು ಹೊಲಗಳು ಖಾಲಿಯಿರುವ, ಬಿಸಿಲು ಏರತೊಡಗುವ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಸ್ಪರ್ಧೆಯನ್ನಿಡುವುದು. ಎರಡನೆಯದಾಗಿ, ಬೆಳೆ ಪರಿಹಾರ ನಿಧಿಯನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಮುಂಗಡವಾಗಿ ತುಂಬಿಟ್ಟು, ಅದಾದ ಮೇಲಷ್ಟೇ ಸ್ಪರ್ಧೆಯ ಪ್ರಕಟಣೆ ಹೊರಡಿಸುವುದು. ಮೂರನೆಯದಾಗಿ, ಹಾನಿಯಾದ ದಿನವೇ ಗ್ರಾಮದ ಇಬ್ಬರು ಹಿರಿಯರ ಸಮ್ಮುಖದಲ್ಲಿ ಮಹಜರು ಮಾಡಿ ನಲವತ್ತೆಂಟು ಗಂಟೆಗಳೊಳಗೆ ಹಣ ಪಾವತಿಸುವುದು. ಇಲ್ಲೊಂದು ಎಚ್ಚರಿಕೆ ಅಗತ್ಯ. ಪಹಣಿಯಲ್ಲಿ ಹೆಸರಿರುವವರು ನಗರದಲ್ಲಿ ನೆಲೆಸಿ, ಹೊಲವನ್ನು ಬೇರೆಯವರು ವಾರಕ್ಕೋ ಗುತ್ತಿಗೆಗೋ ಮಾಡುತ್ತಿರುವುದು ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಸಾಮಾನ್ಯ. ಪರಿಹಾರ ಸಲ್ಲಬೇಕಾದುದು ಪೈರಿಟ್ಟವನಿಗೆ. ಚೆಕ್ಕಿನ ಮೇಲೆ ಯಾರ ಹೆಸರಿರಬೇಕೆಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ನಿಧಿಯಿದ್ದೂ ನ್ಯಾಯ ಸಿಗದು.

ತೆರಿಗೆ ಹಾಗೂ ಸಾಮಾಜಿಕ ಹೊಣೆಗಾರಿಕೆ ನಿಧಿ

ಹಣದ ಮೂಲದ ವಿಷಯದಲ್ಲಿ ಸದಸ್ಯರು ಗಮನಿಸಬೇಕಾದ ಕೆಲವು ಅಂಶಗಳಿವೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಡಿ ಕೂಡಿಟ್ಟ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಸ್ಪರ್ಧೆಯ ಖರ್ಚನ್ನು ಭರಿಸಬಹುದೆಂಬ ಸಲಹೆ ಬೇಗನೆ ಬರುತ್ತದೆ. ಕಾಯ್ದೆಯ ಏಳನೆಯ ಅನುಸೂಚಿಯಲ್ಲಿರುವುದು ಗ್ರಾಮೀಣ, ರಾಷ್ಟ್ರೀಯ ಮನ್ನಣೆಯ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳನ್ನು ಬೆಳೆಸುವ ತರಬೇತಿ. ಕಂಪನಿ ವ್ಯವಹಾರಗಳ ಸಚಿವಾಲಯವು 2014ರ ಜೂನ್ ಸುತ್ತೋಲೆಯಲ್ಲಿ ಮ್ಯಾರಥಾನ್‌ನಂತಹ ಒಂದು ಸಲದ ಕಾರ್ಯಕ್ರಮಗಳು ಈ ಬಾಬಿಗೆ ಸಲ್ಲವೆಂದು ಸ್ಪಷ್ಟಪಡಿಸಿದೆ. ಸರಕು–ಸೇವೆಗಳ ಪ್ರಚಾರಕ್ಕಾಗಿ ನೀಡುವ ಪ್ರಾಯೋಜಕತ್ವವೂ ಸಲ್ಲದೆಂದು 2021ರ ಜನವರಿಯ ತಿದ್ದುಪಡಿ ನಿಯಮ ಹೇಳುತ್ತದೆ. ಬ್ಯಾನರಿನ ಮೇಲೆ ಹೆಸರು ಬೇಕೆನ್ನುವವರು ಜಾಹೀರಾತು ಬಾಬಿನಿಂದಲೇ ಕೊಡಲಿ. ಹಳ್ಳಿಯ ತರುಣರಿಗೆ ವರ್ಷವಿಡೀ ತರಬೇತಿ ಕೊಡಿಸುವ ಯೋಜನೆಯ ಮಾತು ಬೇರೆ. ಅದು ಅನುಸೂಚಿಗೆ ಹೊಂದುತ್ತದೆಯೇ ಎಂಬುದನ್ನು ದಾಖಲೆಸಹಿತ ಪರಿಶೀಲಿಸಿ ಆಡಳಿತ ಮಂಡಳಿಯ ಮುಂದಿಡಬಹುದು.

ಸರಕು ಮತ್ತು ಸೇವಾ ತೆರಿಗೆಯಲ್ಲಿ, ರಾಷ್ಟ್ರೀಯ ಕ್ರೀಡಾ ಒಕ್ಕೂಟ ಅಥವಾ ಅದಕ್ಕೆ ಸಂಯೋಜಿತ ಸಂಸ್ಥೆಗಳು ನಡೆಸುವ, ಸ್ಪರ್ಧಿಗಳು ಜಿಲ್ಲೆ, ರಾಜ್ಯ ಅಥವಾ ದೇಶವನ್ನು ಪ್ರತಿನಿಧಿಸುವ ಕೂಟದ ಪ್ರಾಯೋಜಕತ್ವಕ್ಕೆ ವಿನಾಯಿತಿಯಿದೆ. ಖಾಸಗಿ ಕ್ಲಬ್ಬಿನ ಮುಕ್ತ ಸ್ಪರ್ಧೆಗೆ ಆ ವಿನಾಯಿತಿಯನ್ನು ಊಹಿಸಿಕೊಂಡು ಒಪ್ಪಂದ ಬರೆದರೆ ತೆರಿಗೆಯ ಹೊರೆ ಆಮೇಲೆ ಯಾರ ತಲೆಗೆ ಎಂಬ ಜಗಳ ಖಚಿತ. ಭಾರತದ ಪ್ರಜೆಯಲ್ಲದ ಅನಿವಾಸಿ ಕ್ರೀಡಾಪಟುವಿಗೆ ಬಹುಮಾನದ ಹಣ ಕೊಡುವಾಗ ಮೂಲದಲ್ಲೇ ತೆರಿಗೆ ಮುರಿಯುವ ಹೊಣೆ ಸಂಘಟಕರದು. 2025ರ ಆದಾಯ ತೆರಿಗೆ ಕಾಯ್ದೆಯ ಜಾರಿಗೆ 2026ರ ಏಪ್ರಿಲ್ 1ನ್ನು ನಿಗದಿಪಡಿಸಲಾಗಿದೆ. ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಹೊಣೆ ಬದಲಾಗಿಲ್ಲ. ಈ ಎಲ್ಲ ಕಾರಣಗಳಿಂದ ಸ್ಪರ್ಧೆಗಾಗಿ ಲಾಭರಹಿತ ಉದ್ದೇಶದ 8ನೆಯ ಕಲಮಿನ ಕಂಪನಿಯೊಂದನ್ನು ನೋಂದಾಯಿಸಿ, ಜಮಾ–ಖರ್ಚುಗಳನ್ನು ಅದರಲ್ಲೇ ನಡೆಸುವುದು ಸೂಕ್ತ.

ಪ್ರಾಣದ ಹೊಣೆ

ಹಣದ ಲೆಕ್ಕಕ್ಕಿಂತ ದೊಡ್ಡದು ಪ್ರಾಣದ ಲೆಕ್ಕ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾನಿಲ್ಲಾದಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವ ಚಾಂಪಿಯನ್‌ಷಿಪ್ಪಿಗೆ ಮುನ್ನ ಅಭ್ಯಾಸ ನಡೆಸುತ್ತಿದ್ದ ಎವಾ ವಿಸ್ನಿಯೆರ್‌ಸ್ಕಾ ಅವರನ್ನು ಗುಡುಗುಮೋಡವು ಸೆಳೆದು 9,900 ಮೀಟರಿಗೂ ಮೇಲಕ್ಕೆ ಒಯ್ದಿತು. ಅವರು ಪವಾಡವೆಂಬಂತೆ ಬದುಕಿದರು. ಅದೇ ಮೋಡಕ್ಕೆ ಸಿಲುಕಿದ ಚೀನಾದ ಹಾರಾಟಗಾರರೊಬ್ಬರು ಬದುಕಲಿಲ್ಲ. ವಿಶ್ವಮಟ್ಟದ ಪರಿಣತರಿಗೇ ಹೀಗಾಗುವುದಾದರೆ ಮಾರ್ಚ್ ಕೊನೆಯ ವಾರದಿಂದ ಸಂಜೆಯ ಗುಡುಗುಮಳೆ ಕಾಣಿಸಿಕೊಳ್ಳುವ ನಮ್ಮ ಸೀಮೆಯಲ್ಲಿ ದಿನದ ಹಾರಾಟವನ್ನು ರದ್ದುಗೊಳಿಸುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದು ಅತಿಮುಖ್ಯ ಪ್ರಶ್ನೆ. ಆ ಅಧಿಕಾರವು ಪ್ರಾಯೋಜಕರೊಡನೆ ಯಾವ ಹಣಕಾಸಿನ ಸಂಬಂಧವೂ ಇಲ್ಲದ ಸುರಕ್ಷತಾ ನಿರ್ದೇಶಕನದಾಗಿರಬೇಕು. ಅತಿಥಿಗಳು ವೇದಿಕೆಯ ಮೇಲೆ ಕುಳಿತಿದ್ದಾರೆಂಬುದು ಹಾರಾಟಕ್ಕೆ ಕಾರಣವಾಗಬಾರದು.

ಸ್ಪರ್ಧಿಗಳಿಂದ ಸಹಿ ಹಾಕಿಸಿಕೊಳ್ಳುವ ಹೊಣೆಮುಕ್ತಿ ಪತ್ರವೇ ರಕ್ಷಾಕವಚವೆಂದು ಸಂಘಟಕರು ನೆಮ್ಮದಿಯಿಂದಿರುವಂತಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅನ್ವಯವಾಗುತ್ತದೆ. ಯಾರದೇ ಸಹಿಯು ಆ ಕಲಮನ್ನು ಅಳಿಸದು. ಸ್ಪರ್ಧಿಗಳ ವಿಮೆಯ ಜೊತೆಗೆ ನೆಲದ ಮೇಲಿರುವ ಮೂರನೆಯವರ ಹಾನಿಗೂ ವಿಮೆಯಿರಬೇಕು. ಅದು ದೊರೆಯದಿದ್ದರೆ ಸ್ಪರ್ಧೆಯನ್ನು ಮುಂದೂಡುವುದೇ ಸರಿ.

ಸಂಸ್ಥೆಯು ಮಾಡಬಹುದಾದದ್ದು

ಈ ಹಿನ್ನೆಲೆಯಲ್ಲಿ ನಮ್ಮ ವಾಣಿಜ್ಯ ಸಂಸ್ಥೆಯು ಮೂರು ವರ್ಷಗಳ ಕ್ರಮಬದ್ಧ ಯೋಜನೆಯೊಂದನ್ನು ಸರ್ಕಾರದ ಮುಂದಿಡಬೇಕೆಂದು ಸೂಚಿಸಬಯಸುತ್ತೇನೆ. ಮೊದಲ ವರ್ಷ ಸ್ಪರ್ಧೆಯಿಲ್ಲ: ವಾಯುಪ್ರದೇಶದ ಅನುಮತಿ, ಅರಣ್ಯ ಇಲಾಖೆಯ ಅಭಿಪ್ರಾಯ, ಗ್ರಾಮ ಪಂಚಾಯಿತಿಗಳ ಸಭೆ, ತರಬೇತಿ. ಎರಡನೆಯ ವರ್ಷ ಇಪ್ಪತ್ತಕ್ಕೆ ಮೀರದ ಹಾರಾಟಗಾರರ ಸ್ನೇಹಕೂಟ, ಬಹುಮಾನದ ಹಣವಿಲ್ಲ. ಆ ಕೂಟದ ಲೆಕ್ಕ ಪರಿಶೋಧನೆಯಾಗಿ, ಬೆಳೆ ಪರಿಹಾರದ ಪ್ರತಿ ಪ್ರಕರಣವೂ ಇತ್ಯರ್ಥವಾಗಿದ್ದರೆ ಮಾತ್ರ ಮೂರನೆಯ ವರ್ಷ ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟದ ಮನ್ನಣೆಗೆ ಅರ್ಜಿ. ಪರಿಶೋಧಿತ ಲೆಕ್ಕಪತ್ರವು ಕೂಟ ಮುಗಿದ ತೊಂಬತ್ತು ದಿನಗಳೊಳಗೆ ಸಂಬಂಧಿಸಿದ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಪ್ರಕಟವಾಗಬೇಕು.

ಇದು ನಿಧಾನದ ದಾರಿಯೆಂದು ಕೆಲವರಿಗೆ ಅನ್ನಿಸಬಹುದು. ಮೂರು ವರ್ಷ ಕಾಯುವಷ್ಟರಲ್ಲಿ ಬೇರೆ ರಾಜ್ಯ ಮುಂದೆ ಹೋದೀತು ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಬೀರ್ ಗ್ರಾಮಕ್ಕೆ ಹೆಸರು ಬಂದದ್ದು ಒಂದು ಉತ್ಸವದಿಂದಲ್ಲ. ವರ್ಷಗಳ ಕಾಲ ಹಾರಾಟಗಾರರು ಮರಳಿ ಬಂದದ್ದರಿಂದ. ಹಾರಾಟಗಾರ ಮರಳಿ ಬರುವುದು ಗಾಳಿ ಚೆನ್ನಾಗಿರುವಲ್ಲಿಗೆ, ಇಳಿದಾಗ ಹೊಲದವರು ನೀರು ಕೊಟ್ಟು ದಾರಿ ತೋರಿಸುವಲ್ಲಿಗೆ. ಗಾಳಿಯನ್ನು ನಾವು ಏರ್ಪಡಿಸಲಾರೆವು. ಹೊಲದವರ ಸದ್ಭಾವವನ್ನು ಗಳಿಸಲು ಬೇಕಾದುದು, ಮೇಲಿನ ಕಲ್ಪಿತ ಲೆಕ್ಕದ ಪ್ರಕಾರ, ಎರಡು ಲಕ್ಷದ ಹತ್ತು ಸಾವಿರ ರೂಪಾಯಿ ಮತ್ತು ಅದನ್ನು ಸಕಾಲದಲ್ಲಿ ಪಾವತಿಸುವ ಶಿಸ್ತು. ಸ್ಪರ್ಧೆಯ ಪ್ರಸ್ತಾವ ಮುಂದಿಟ್ಟುಕೊಂಡು ಬರುವ ಯಾವುದೇ ಸಂಘಟಕರಲ್ಲಿ ಸದಸ್ಯರು ಮೊದಲು ಕೇಳಬೇಕಾದುದು ಆ ಖಾತೆಯ ಪಾಸ್‌ಪುಸ್ತಕವನ್ನು.